ಚಳಿಗಾಲದಲ್ಲಿ ಸೂರಿನ ಅಂಚಿಗೆ ಮಂಜುಗಡ್ಡೆ ಕಟ್ಟುವುದನ್ನು ತಡೆಯುವುದು ಹೇಗೆ?

ಪ್ರಶ್ನೆ: ನಿವೃತ್ತ ಶಿಕ್ಷಕ, ಕಲಬುರಗಿ

ಎಲ್ಲರಿಗೂ ಶರಣು. ನನ್ನ ಮಗಳು ಮತ್ತು ಅಳಿಯ ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್ ಹತ್ತಿರ ಹಳೆಯ ಮನೆಯೊಂದನ್ನು ಕೊಂಡಿದ್ದಾರೆ. ಕಳೆದ ಚಳಿಗಾಲದಲ್ಲಿ ಅದರ ಇಳಿಜಾರು ಛಾವಣಿಯ ಅಂಚಿನುದ್ದಕ್ಕೂ ಗೇಣೆತ್ತರದ ಮಂಜುಗಡ್ಡೆ ಕಟ್ಟಿಕೊಂಡು, ಆ ಭಾರಕ್ಕೆ ಛಾವಣಿಯ ನೀರು ಹರಿದುಹೋಗುವ ತಗಡಿನ ದೋಣಿ ಗೋಡೆಯಿಂದ ಕಿತ್ತು ಜೋತುಬಿದ್ದಿತು. ಅದಾದ ಮೇಲೆ ಮಲಗುವ ಕೋಣೆಯ ಗೋಡೆಯ ಮೇಲ್ಭಾಗದಲ್ಲಿ ಕಂದು ಕಲೆ ಮೂಡಿ, ನೀರು ಜಿನುಗತೊಡಗಿತು. ಹೊರಗೆ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿ, ಮಳೆಯ ಹನಿಯೂ ಇಲ್ಲ. ಹಾಗಿದ್ದ ಮೇಲೆ ಒಳಗೆ ನೀರು ಬಂದದ್ದಾದರೂ ಎಲ್ಲಿಂದ? ಅಲ್ಲಿನ ಗುತ್ತಿಗೆದಾರರೊಬ್ಬರು, ದೋಣಿಯೇ ಚಿಕ್ಕದು, ಅಗಲವಾದದ್ದನ್ನು ಹಾಕಿಸಿ ಅಂಚಿಗೆ ವಿದ್ಯುತ್ತಿನ ಬಿಸಿತಂತಿ ಎಳೆಸಿ ಎಂದಿದ್ದಾರೆ. ಖರ್ಚು ಸಣ್ಣದಲ್ಲ. ಅಲ್ಲಿ ವಾಸವಾಗಿರುವವರು ಅಥವಾ ಕಟ್ಟಡ ಕೆಲಸ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಬೀದರ್‌ನವರು, ಈಗ ಮಿನ್ನೆಸೋಟದಲ್ಲಿ ವಾಸ

ಶರಣು ಗುರುಗಳೇ. ದಯವಿಟ್ಟು ದೋಣಿಗೆ ಹಣ ಹಾಕುವ ಮುನ್ನ ಮಗಳಿಗೆ ಒಮ್ಮೆ ಅಟ್ಟ ಹತ್ತಿ ನೋಡಲು ಹೇಳಿ, ಏಕೆಂದರೆ ಈ ತೊಂದರೆ ಹುಟ್ಟುವುದು ಛಾವಣಿಯ ಅಂಚಿನಲ್ಲಲ್ಲ, ಮನೆಯ ಒಳಗಿನಿಂದ ಮೇಲಕ್ಕೆ ಸೋರುವ ಬಿಸಿಗಾಳಿಯಲ್ಲಿ. ಮನೆಯನ್ನು ಬೆಚ್ಚಗಿಡಲು ಉರಿಸಿದ ಶಾಖ ಸಂದುಗೊಂದುಗಳಿಂದ ಅಟ್ಟಕ್ಕೆ ಏರಿ ಛಾವಣಿಯ ಹಲಗೆಗಳನ್ನು ಬಿಸಿ ಮಾಡುತ್ತದೆ; ಅದರ ಮೇಲೆ ಕೂತ ಹಿಮ ಅಡಿಯಿಂದ ಕರಗುತ್ತದೆ. ಕರಗಿದ ನೀರು ಹಿಮದ ಹೊದಿಕೆಯ ಕೆಳಗೇ ಹರಿದು ಗೋಡೆಯಿಂದ ಹೊರಚಾಚಿದ ಸೂರಿಗೆ ಬರುತ್ತದೆ. ಅಲ್ಲಿ ಕೆಳಗೆ ಬೆಚ್ಚಗಿನ ಕೋಣೆಯಿಲ್ಲದ ಕಾರಣ ಹಲಗೆ ಹೊರಗಿನಷ್ಟೇ ತಣ್ಣಗಿದ್ದು, ನೀರು ಮರಳಿ ಹೆಪ್ಪುಗಟ್ಟುತ್ತದೆ. ಹೀಗೆ ಪದರದ ಮೇಲೆ ಪದರ ಬೆಳೆದು ಒಡ್ಡು ಏಳುತ್ತದೆ, ಒಡ್ಡಿನ ಹಿಂದೆ ನೀರು ನಿಲ್ಲುತ್ತದೆ. ಶಿಂಗಲ್ ಹೊದಿಕೆಯನ್ನು, ಅಂದರೆ ಛಾವಣಿಗೆ ಒಂದರ ಮೇಲೊಂದು ಬರುವಂತೆ ಹೊದಿಸಿದ ತೆಳು ಬಿಲ್ಲೆಗಳನ್ನು, ಮಾಡಿರುವುದು ಇಳಿದು ಹೋಗುವ ನೀರಿಗೇ ಹೊರತು ನಿಂತ ನೀರಿಗಲ್ಲ. ಆದ್ದರಿಂದ ನೀರು ಹಿಮ್ಮುಖವಾಗಿ ಶಿಂಗಲ್‌ಗಳ ಅಡಿಗೆ ನುಗ್ಗಿ ಗೋಡೆಗೆ ಇಳಿಯುತ್ತದೆ. ನೀವು ಕೇಳಿದ ನೀರು ಇದೇ. ದೋಣಿಯೇ ಇಲ್ಲದ ಮನೆಗಳಲ್ಲೂ ಈ ಒಡ್ಡು ಕಟ್ಟುವುದನ್ನು ನಾನು ನೋಡಿದ್ದೇನೆ.

ಅಟ್ಟದಲ್ಲಿ ನೋಡಬೇಕಾದದ್ದು ಇಷ್ಟು. ನೆಲಕ್ಕೆ ಹಾಸಿದ ಇನ್ಸುಲೇಷನ್ (ಶಾಖ ತಡೆಯುವ ಹಾಸು) ಗಾಜಿನ ಎಳೆಯದ್ದಾಗಿದ್ದರೆ, ಅದು ಎಲ್ಲಿ ಧೂಳು ಹಿಡಿದು ಕಪ್ಪಾಗಿದೆಯೋ ಅಲ್ಲಿಯೇ ಕೆಳಗಿನಿಂದ ಗಾಳಿ ನುಸುಳುತ್ತಿದೆ ಎಂದು ತಿಳಿಯಿರಿ; ಎಳೆಗಳು ಗಾಳಿಯನ್ನು ಸೋಸಿ ಧೂಳನ್ನು ಉಳಿಸಿಕೊಂಡಿರುತ್ತವೆ. ಅದನ್ನು ಎತ್ತಿದರೆ ಅಡಿಯಲ್ಲಿ ಸಾಮಾನ್ಯವಾಗಿ ಒಂದು ಪೈಪು, ವೈರು ಇಳಿದ ತೂತು ಅಥವಾ ಮಾಳಿಗೆದೀಪದ ಡಬ್ಬಿ ಸಿಗುತ್ತದೆ. ಕಡು ಚಳಿಯಲ್ಲಿ ಛಾವಣಿಯ ಮೊಳೆಗಳ ತುದಿಗೆ ಬಿಳಿ ಹಿಮ ಹಿಡಿದಿದ್ದರೆ ತೇವದ ಗಾಳಿ ಅಲ್ಲಿಗೆ ಬರುತ್ತಿದೆ ಎಂದೇ ಅರ್ಥ. ಬಚ್ಚಲಿನ ಫ್ಯಾನು ಹಬೆಯನ್ನು ಹೊರಗೆ ಬಿಡದೆ ಅಟ್ಟಕ್ಕೇ ಬಿಡುತ್ತಿದೆಯೇ ಎಂಬುದನ್ನೂ ನೋಡಬೇಕು, ಹಳೆಯ ಮನೆಗಳಲ್ಲಿ ಇದು ಅಪರೂಪವಲ್ಲ.

ಕೆಲಸದ ಕ್ರಮ ಮುಖ್ಯ. ಮೊದಲು ಸಂದುಗಳನ್ನು ಮುಚ್ಚಬೇಕು. ಹೊಗೆ ಕೊಳವೆಯ ಸುತ್ತ ಮಾತ್ರ ಸಂದು ತುಂಬುವ ಫೋಮ್ ಬಳಸದೆ ತಗಡು ಮತ್ತು ಶಾಖ ತಡೆಯುವ ಸೀಲೆಂಟ್ ಅಂಟು ಬಳಸಬೇಕು. ಆಮೇಲೆ ಇನ್ಸುಲೇಷನ್ ಹೆಚ್ಚಿಸಬೇಕು. ಇಲ್ಲಿನಂಥ ಚಳಿಗೆ ಕನಿಷ್ಠ ಆರ್-49 ಬೇಕು (ಆರ್ ಎಂಬುದು ಶಾಖ ತಡೆಯುವ ಶಕ್ತಿಯ ಅಳತೆ), ಅಂದರೆ ಕಾಗದದ ಎಳೆಯ ಸೆಲ್ಯುಲೋಸ್ ತುಂಬಿಸುವುದಾದರೆ ಸುಮಾರು 35 ಸೆಂಟಿಮೀಟರ್ ದಪ್ಪ. ಸಂದು ಮುಚ್ಚದೆ ಬರೀ ಇನ್ಸುಲೇಷನ್ ಸುರಿದರೆ ಹಣ ಪೂರ್ತಿ ಫಲ ಕೊಡುವುದಿಲ್ಲ. ಮೂರನೆಯದಾಗಿ, ಸೂರಿನ ಅಡಿಯ ಕಿಂಡಿಗಳಿಂದ ತಣ್ಣನೆಯ ಗಾಳಿ ಒಳಬಂದು ಛಾವಣಿಯ ನೆತ್ತಿಯಿಂದ ಹೊರಹೋಗುವಂತಿರಬೇಕು. ಇನ್ಸುಲೇಷನ್ ಸುರಿಯುವವರು ಆ ಕಿಂಡಿಗಳನ್ನೇ ಮುಚ್ಚಿಬಿಡದಂತೆ ಎದುರು ನಿಂತು ನೋಡಿಕೊಳ್ಳಲಿ.

ಉತ್ತರ: ಸಿವಿಲ್ ಎಂಜಿನಿಯರ್, ಕಲಬುರಗಿ

ಮೇಲಿನವರ ಮಾತು ಸಂಪೂರ್ಣ ಸರಿ. ನಮ್ಮ ಭಾಗದ ಹಳೆಯ ಮಾಳಿಗೆ ಮನೆಗಳ ಮೇಲೆ ದಪ್ಪ ಮಣ್ಣು ಹಾಸಿ ಮೇ ತಿಂಗಳ ಬಿಸಿಲನ್ನು ಹೊರಗೇ ತಡೆಯುತ್ತಿದ್ದರಲ್ಲ, ಅಲ್ಲಿ ಅಟ್ಟದ ಇನ್ಸುಲೇಷನ್ ಮಾಡಬೇಕಾದದ್ದೂ ಶಾಖ ತಡೆಯುವ ಅದೇ ಕೆಲಸ. ದಿಕ್ಕು ಮಾತ್ರ ತಿರುವುಮುರುವು.

ನಾನು ಸೇರಿಸುವುದು ಎರಡು ವಿಷಯ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಶೇಕಡ 9ರಷ್ಟು ಹಿಗ್ಗುತ್ತದೆ, ಮತ್ತು ಒಂದು ಘನ ಮೀಟರ್ ಮಂಜುಗಡ್ಡೆ ಸುಮಾರು 917 ಕಿಲೋ ತೂಗುತ್ತದೆ. ಹೀಗಾಗಿ ದೋಣಿ ಅಗಲವಾದಷ್ಟೂ ಅದರಲ್ಲಿ ನಿಲ್ಲುವ ಗಡ್ಡೆಯ ಭಾರವೂ ಹೆಚ್ಚು. ಗುತ್ತಿಗೆದಾರರ ಸಲಹೆ ನನಗೆ ಒಪ್ಪಿಗೆಯಾಗುವುದಿಲ್ಲ. ದೋಣಿಗೆ ಬೇಕಾದದ್ದು ಗಟ್ಟಿ ಕೊಂಡಿಗಳು, ಇಳಿಕೊಳವೆಯ ಕಡೆಗೆ ಸರಿಯಾದ ವಾಟ, ಎಲೆ ಉದುರಿದ ಮೇಲೆ ಹಿಮ ಬೀಳುವ ಮುನ್ನ ಪೂರ್ತಿ ಶುಚಿ. ಎರಡನೆಯದು, ಮುಂದೆ ಎಂದಾದರೂ ಹೊದಿಕೆ ಬದಲಿಸುವಾಗ ಶಿಂಗಲ್‌ಗಳ ಅಡಿಯಲ್ಲಿ ಅಂಟುವ ಜಲನಿರೋಧಕ ಹಾಳೆಯನ್ನು ಸೂರಿನಂಚಿನಿಂದ ಹಿಡಿದು ಹೊರಗೋಡೆಯ ಒಳಮೈಯನ್ನು ದಾಟಿ ಕನಿಷ್ಠ 24 ಇಂಚು ಒಳಗಿನವರೆಗೆ ಹಾಸಿಸಬೇಕು. ಅದು ಗಡ್ಡೆಯನ್ನು ತಡೆಯದು, ಆದರೆ ನಿಂತ ನೀರು ಮನೆಗೆ ಇಳಿಯದಂತೆ ಕಾಯುತ್ತದೆ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. ಅಟ್ಟದ ಕೆಲಸ ಮುಗಿಯುವ ಮುನ್ನವೇ ಹಿಮ ಬಿದ್ದರೆ ಏನು ಮಾಡಬೇಕು? ಅಳಿಯ ಏಣಿ ಹಾಕಿ ಸುತ್ತಿಗೆಯಿಂದ ಗಡ್ಡೆ ಒಡೆಯುತ್ತೇನೆ ಎನ್ನುತ್ತಿದ್ದಾರೆ; ನನಗೆ ಭಯ.

ಉತ್ತರ: ಬೀದರ್‌ನವರು, ಈಗ ಮಿನ್ನೆಸೋಟದಲ್ಲಿ ವಾಸ

ನಿಮ್ಮ ಭಯ ನ್ಯಾಯವಾದದ್ದು. ಸುತ್ತಿಗೆ, ಕೊಡಲಿ ಖಂಡಿತ ಬೇಡ. ಚಳಿಗೆ ಪೆಡಸಾದ ಶಿಂಗಲ್‌ಗಳು ಒಡೆಯುತ್ತವೆ, ಏಣಿಯೂ ಜಾರುತ್ತದೆ. ಉದ್ದ ಹಿಡಿಕೆಯ, ಹಿಮ ಎಳೆಯುವ ಹಗುರ ಗುದ್ದಲಿಯಂಥ ಸಾಧನ ಇಲ್ಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಪ್ರತಿ ಸಲ ದಪ್ಪ ಹಿಮ ಬಿದ್ದ ಕೂಡಲೇ ನೆಲದ ಮೇಲೆ ನಿಂತು ಅಂಚಿನಿಂದ ಮೂರು ನಾಲ್ಕು ಅಡಿಯಷ್ಟು ಹಿಮವನ್ನು ಎಳೆದು ಹಾಕಿದರೆ ಕರಗುವ ಸಾಮಗ್ರಿಯೇ ಕಡಿಮೆಯಾಗುತ್ತದೆ. ಹತ್ತಿರ ವಿದ್ಯುತ್ ತಂತಿ ಇಲ್ಲವೆಂಬುದನ್ನು ಖಚಿತ ಮಾಡಿಕೊಳ್ಳಲಿ.

ಒಡ್ಡು ಕಟ್ಟಿಯೇಬಿಟ್ಟರೆ, ಉದ್ದ ಬಟ್ಟೆಚೀಲದಲ್ಲಿ ಗಡ್ಡೆ ಕರಗಿಸುವ ಲವಣವಾದ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿ ಅಂಚಿಗೆ ಅಡ್ಡವಾಗಿ, ತುದಿ ಹೊರಚಾಚುವಂತೆ ಇರಿಸಿದರೆ ನೀರು ಹರಿದುಹೋಗಲು ಕಾಲುವೆಯೊಂದು ತೆರೆಯುತ್ತದೆ. ಅಡುಗೆ ಉಪ್ಪಿನ ಜಾತಿಯ ಕಲ್ಲುಪ್ಪು ಈ ಮಟ್ಟದ ಚಳಿಯಲ್ಲಿ ಕೆಲಸ ಮಾಡುವುದಿಲ್ಲ, ಜೊತೆಗೆ ತಗಡನ್ನೂ ಗಿಡಗಳನ್ನೂ ಹಾಳುಮಾಡುತ್ತದೆ. ಗಡ್ಡೆಯನ್ನು ಪೂರ್ತಿ ತೆಗೆಸಲೇಬೇಕಾದರೆ ಹಬೆ ಬಿಟ್ಟು ಕರಗಿಸುವ ನುರಿತವರನ್ನು ಕರೆಯಬೇಕು. ಬಿಸಿತಂತಿಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ, ಅಟ್ಟವನ್ನು ಸರಿಪಡಿಸಲು ಜಾಗವೇ ಇಲ್ಲದ ಮೂಲೆಗಳಿಗೆ ಅದೊಂದೇ ದಾರಿ; ಆದರೆ ಅದು ಕಾಲುವೆ ತೆರೆಯುತ್ತದೆಯೇ ಹೊರತು ಕಾರಣವನ್ನು ನೀಗಿಸುವುದಿಲ್ಲ, ವಿದ್ಯುತ್ ಬಿಲ್ಲೂ ಪ್ರತಿ ವರ್ಷ ಬರುತ್ತದೆ.

ಉತ್ತರ: ನಿವೃತ್ತ ಸೈನಿಕ, ಯಾದಗಿರಿ

ನಾನು ಕಾಶ್ಮೀರದಲ್ಲಿ ಸೇವೆ ಸಲ್ಲಿಸಿದವನು. ಡಿಸೆಂಬರ್ 21ರಿಂದ ಶುರುವಾಗುವ 40 ದಿನಗಳ ಚಿಲ್ಲೈ ಕಲಾನ್ ಚಳಿಯಲ್ಲಿ ಅಲ್ಲಿನ ಕಡಿದಾದ ತಗಡಿನ ಛಾವಣಿಗಳ ಅಂಚಿಗೂ ಆಳುದ್ದದ ಮಂಜುಗಡ್ಡೆಯ ಕೋಡುಗಳು ಜೋಲುತ್ತವೆ. ಅಲ್ಲಿನ ಜನ ಮೊದಲು ಎಚ್ಚರ ವಹಿಸುವುದು ಛಾವಣಿಯ ಬಗ್ಗೆ ಅಲ್ಲ, ಅದರ ಕೆಳಗೆ ಓಡಾಡುವವರ ಬಗ್ಗೆ. ಬಿಸಿಲು ಬಿದ್ದ ಮಧ್ಯಾಹ್ನ ಇಡೀ ಹಿಮದ ಹಾಸು ಒಮ್ಮೆಲೇ ಜಾರಿ ಬೀಳುತ್ತದೆ, ಆದ್ದರಿಂದ ಮಕ್ಕಳು ಸೂರಿನ ಕೆಳಗೆ ಆಡದಂತೆ, ಮುಂಬಾಗಿಲ ಮೇಲಿನ ಅಂಚಿನಲ್ಲಿ ಗಡ್ಡೆಯಿದ್ದರೆ ಹಿಂಬಾಗಿಲಿನಿಂದ ಓಡಾಡುವಂತೆ ಹೇಳಿರಿ. ಛಾವಣಿಯಿಂದ ಎಳೆದು ಹಾಕಿದ ಹಿಮ ಗೋಡೆಯ ಬುಡದಲ್ಲಿ ರಾಶಿಯಾದಾಗ, ಮನೆಯ ಹೀಟರ್ ಹೊಗೆ ಬಿಡುವ ಕೊಳವೆಯ ಬಾಯಿ ಗೋಡೆಯಲ್ಲಿದ್ದರೆ ಅದು ಮುಚ್ಚಿಹೋಗದಂತೆ ತಕ್ಷಣ ಬಿಡಿಸಬೇಕು; ಇಲ್ಲದಿದ್ದರೆ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೇ ತುಂಬುತ್ತದೆ. ಅದನ್ನು ಗುರುತಿಸುವ ಅಲಾರಂ ಮಲಗುವ ಕೋಣೆಯ ಹತ್ತಿರ ಇದೆಯೇ ಎಂದು ಮಗಳನ್ನು ಇವತ್ತೇ ಕೇಳಿರಿ.