ಸ್ಟ್ರಿಜಿಲ್‌, ಹೈಪೊಕಾಸ್ಟ್‌: ಕನ್ನಡದಲ್ಲಿ ಏನೆನ್ನೋಣ?

ಗೆಳೆಯರೇ,

ಹಳೆಯ ರೋಮನ್ ಊರು ಪಾಂಪೆಯ ಸ್ಟೇಬಿಯನ್ ಸ್ನಾನಶಾಲೆಯ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಉಗುಳಿದ ಬೂದಿಯಡಿ ಹೂತುಹೋದ ಕಟ್ಟಡ ಅದು. ಕೆಲವು ಪದಗಳಿಗೆ ನಿಮ್ಮ ನೆರವು ಬೇಕು.

ಮುಖ್ಯವಾಗಿ ಸ್ಟ್ರಿಜಿಲ್. ರೋಮನ್ನರು ಸ್ನಾನಕ್ಕೆ ಸಾಬೂನು ಬಳಸುತ್ತಿರಲಿಲ್ಲ. ಮೈಗೆ ಆಲಿವ್ ಎಣ್ಣೆ ಸವರಿಕೊಂಡು, ಅಂಗಳದಲ್ಲಿ ಆಟವಾಡಿಯೋ ಬಿಸಿ ಕೋಣೆಯಲ್ಲಿ ಕೂತೋ ಚೆನ್ನಾಗಿ ಬೆವರುತ್ತಿದ್ದರು. ಆಮೇಲೆ ಎಣ್ಣೆ, ಬೆವರು, ಧೂಳು ಎಲ್ಲವನ್ನೂ ಒಟ್ಟಿಗೆ ಸ್ಟ್ರಿಜಿಲ್‌ನಿಂದ ಎಳೆದು ತೆಗೆಯುತ್ತಿದ್ದರು. ಕಂಚಿನದ್ದೋ ಕಬ್ಬಿಣದ್ದೋ ಇರುತ್ತಿತ್ತು. ಒಂದು ತುದಿಗೆ ಹಿಡಿ, ಇನ್ನೊಂದು ಕಡೆ ಕುಡುಗೋಲಿನ ಹಾಗೆ ಬಾಗಿದ ಪಟ್ಟಿ. ಪಟ್ಟಿಯ ಒಳಮೈ ತೋಡಿದಂತಿರುತ್ತದೆ, ಕೊಳೆ ಎಣ್ಣೆ ಅದರಲ್ಲೇ ಹರಿದು ಬರುತ್ತದೆ. ಬೆನ್ನಿಗೆ ಮಾತ್ರ ಇನ್ನೊಬ್ಬರ ಕೈ ಬೇಕು. ಉಳ್ಳವರು ಅದಕ್ಕೂ ಗುಲಾಮರನ್ನು ಕರೆತರುತ್ತಿದ್ದರು.

'ಮೈಯುಜ್ಜುಗ' ಅನ್ನೋಣವೆಂದರೆ ಉಜ್ಜುವುದೇ ಬೇರೆ, ಇದೇ ಬೇರೆ ಅಲ್ವಾ? 'ಕೆರೆಯುವುದು' ಅಂದರೆ ತುರಿಕೆ ನೆನಪಾಗುತ್ತದೆ. ನನಗೆ ಹಿಡಿಸಿದ್ದು 'ಮೈಹೆರೆ'. ಮನೆಯಲ್ಲಿ ಹೆರೆಮಣೆ ಇರುವವರಿಗೆ ಹೆರೆಯುವುದು ಅಂದರೆ ಏನೆಂದು ಹೇಳಿಕೊಡಬೇಕಿಲ್ಲ. ಆದರೆ ಚರ್ಮವೇ ಕಿತ್ತುಬರುವಂತೆ ಕೇಳಿಸುತ್ತದೆಯೇ ಅನ್ನುವುದು ನನ್ನ ಅನುಮಾನ.

ಇನ್ನು ಹೈಪೊಕಾಸ್ಟ್, ಅಂದರೆ ಸ್ನಾನದ ಕೋಣೆಯನ್ನು ನೆಲದಡಿಯಿಂದ ಬಿಸಿ ಮಾಡುವ ಏರ್ಪಾಡು. ಇದನ್ನು 'ನೆಲದಡಿ ಒಲೆ' ಅನ್ನಲಾಗದು. ಒಲೆ ಇರುವುದು ಪಕ್ಕದಲ್ಲಿ. ಸ್ಟೇಬಿಯನ್‌ನಲ್ಲಿ ಗಂಡಸರ ಭಾಗಕ್ಕೂ ಹೆಂಗಸರ ಭಾಗಕ್ಕೂ ನಡುವೆ ಒಂದೇ ಒಲೆ. ನೆಲವನ್ನು ಇಟ್ಟಿಗೆಯ ಗಿಡ್ಡ ಕಂಬಗಳ ಮೇಲೆ ಎತ್ತಿ ಕೂರಿಸಿದ್ದಾರೆ. ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಹೇಳುವ ಲೆಕ್ಕದಲ್ಲಿ ಆ ಕಂಬಗಳು 2 ಅಡಿ ಎತ್ತರ. ಒಲೆಯ ಬಿಸಿಗಾಳಿ ಅವುಗಳ ನಡುವೆ ಹಾದು, ಗೋಡೆಯ ಟೊಳ್ಳಿನಲ್ಲಿ ಮೇಲೇರುತ್ತದೆ. ಒಲೆಯನ್ನು ಬಿಟ್ಟು ನೆಲದಡಿಯ ಆ ಟೊಳ್ಳನ್ನು ಹೇಳುವ ಪದ ಬೇಕು. ಸದ್ಯಕ್ಕೆ 'ಬಿಸಿನೆಲೆ' ಎಂದು ಬರೆದಿಟ್ಟಿದ್ದೇನೆ, ಅಷ್ಟೇನೂ ಸಮಾಧಾನವಿಲ್ಲ.

ತಣ್ಣನೆ ಕೋಣೆ, ಬೆಚ್ಚನೆ ಕೋಣೆ, ಬಿಸಿ ಕೋಣೆ ಇವು ಸಲೀಸಾಗಿ ಬಂದವು.

ಕೊನೆಯದು ಇಡೀ ಕಟ್ಟಡದ ಹೆಸರು. 'ಸ್ನಾನಗೃಹ' ಅಂದರೆ ಓದುಗರು ಮನೆಯ ಬಚ್ಚಲನ್ನೇ ನೆನೆಯುತ್ತಾರೆ. ಕೇರಿಯ ಸಣ್ಣ ಸ್ನಾನಶಾಲೆಗೆ, ಅಂದರೆ ಬಾಲ್ನೆಗೆ, 'ಮೀಯುವ ಮನೆ' ಚೆನ್ನಾಗಿದೆ. ಆದರೆ ಕ್ರಿ.ಶ. 216ರಲ್ಲಿ ರೋಮ್ ನಗರದಲ್ಲಿ ತೆರೆದ, ಚಕ್ರವರ್ತಿ ಕ್ಯಾರಕಲ್ಲನ ಥರ್ಮೆಯಂಥ ಭಾರಿ ಸ್ನಾನಶಾಲೆಗೆ? ತೋಟ, ಕಸರತ್ತಿನ ಅಂಗಳ, ಪುಸ್ತಕಭಂಡಾರ ಎಲ್ಲ ಇದ್ದ ಜಾಗಕ್ಕೆ ಈ ಹೆಸರು ತೀರಾ ಚಿಕ್ಕದು. 'ಥರ್ಮೆ' ಎಂದೇ ಉಳಿಸಿಕೊಳ್ಳುವುದು ವಾಸಿ ಅನಿಸುತ್ತಿದೆ.

ಮೀಯುವುದು, ಹೆರೆಯುವುದು ಇವನ್ನು ದಿನವೂ ಆಡುವ ಕರಾವಳಿ, ಮಲೆನಾಡಿನವರು 'ಮೈಹೆರೆ' ಕಿವಿಗೆ ಹೇಗೆ ಬೀಳುತ್ತದೆಂದು ದಯವಿಟ್ಟು ತಿಳಿಸಿ.