ಗುಂಡಿಗೆ ತಕ್ಕ ಪ್ಯಾಂಟು

ನಮ್ಮ ಬಳ್ಳಾರಿಯಲ್ಲಿ ಒಗ್ಗರಣೆ ಅಂದರೆ ಸಾಸಿವೆ-ಕರಿಬೇವು ಅಲ್ಲ, ಮಂಡಕ್ಕಿ. ಜೊತೆಗೆ ಮಿರ್ಚಿ ಇರಲೇಬೇಕು. ಅವತ್ತು ಸಂಜೆ ಎರ್ರಿಸ್ವಾಮಿ ಎರಡನೇ ಮಿರ್ಚಿ ಮುಟ್ಟದೆ ಕೂತಿದ್ದ. ವಿಷಯ ದೊಡ್ಡದು ಅಂತ ಆಗಲೇ ಗೊತ್ತಾಯಿತು.

"ಮನೇಲಿ ಕಂಪ್ಯೂಟರ್ ಜೋಡಿಸ್ತಿದ್ದೀನಿ. ರ‍್ಯಾಮ್ ಮೆಮರಿ ಪಟ್ಟಿ ಕೂರ್ತಿಲ್ಲ" ಅಂದ.

"ಸರಿಯಾಗಿ ಒತ್ತಿದೆಯಾ?"

"ಮೊಣಕೈ ಊರಿ ಒತ್ತಿದೆ."

ಕೈ ಒರೆಸಿಕೊಳ್ಳೋಕೂ ನಿಲ್ಲದೆ ಮೂವರೂ ಅವನ ಮನೆಗೆ ಓಡಿದೆವು. ನಾನು, ಪಂಪಣ್ಣ, ಖಾಜಾ ಮಾಸ್ಟರ್. ಖಾಜಾ ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್. ಕಂಪ್ಯೂಟರ್ ಬಗ್ಗೆ ಒಂದಕ್ಷರ ಗೊತ್ತಿಲ್ಲ. ಆದರೆ ಕೊರಳಲ್ಲಿ ಟೇಪು ಸದಾ ಇರುತ್ತದೆ.

ಕಥೆ ಏನಪ್ಪಾ ಅಂದರೆ, ಬೆಂಗಳೂರಿನ ಅಕ್ಕನ ಮಗ ಎಎಂಡಿ ಕಂಪನಿಯ ರೈಝನ್ 5 5600 ಪ್ರೊಸೆಸರ್ (ಕಂಪ್ಯೂಟರಿನ ಮಿದುಳು) ಒಂದನ್ನು ಎರ್ರಿಗೆ ಅಗ್ಗಕ್ಕೆ ಕೊಟ್ಟಿದ್ದ. ಒಳ್ಳೆ ಮಾಲು ಸುಮ್ನೆ ಬೀಳಬಾರದು ಅಂತ ಇವನು ಸೆಕೆಂಡ್ ಹ್ಯಾಂಡ್ ಬಿ450 ಮದರ್‌ಬೋರ್ಡು ತಂದ. ಬೋರ್ಡಿಗೆ ರ‍್ಯಾಮು ತಂದ. ಆಮೇಲೆ ಬಣ್ಣಬಣ್ಣದ ಲೈಟಿನ ಕ್ಯಾಬಿನೆಟ್ಟು. ಒಂದು ಗುಂಡಿ ಸಿಕ್ಕಿತು ಅಂತ ಪ್ಯಾಂಟು ಹೊಲಿಸಲು ಹೊರಟಿದ್ದ.

ರ‍್ಯಾಮಿನ ಡಬ್ಬಿ ನೋಡಿದೆ. ಡಿಡಿಆರ್ 5, ಅಂದರೆ ಹೊಸ ತಲೆಮಾರಿನದು.

"4ಕ್ಕಿಂತ 5 ಜಾಸ್ತಿ ಅಲ್ವಾ? ಹೊಸದನ್ನೇ ತಗೋ ಅಂತ ನೀನೇ ಫೋನಲ್ಲಿ ಹೇಳಿದ್ದು" ಅಂದ. ನಿಜ, ನಾನೇ ಹೇಳಿದ್ದೆ. ಅದಕ್ಕೇ ಸ್ವಲ್ಪ ಜೋರು ದನಿಯಲ್ಲೇ ಬುದ್ಧಿ ಹೇಳಿದೆ. ಇವನ ಬೋರ್ಡಿನಲ್ಲಿ ಪ್ರೊಸೆಸರ್ ಕೂರೋ ಜಾಗ ಎಎಂ 4 ಸಾಕೆಟ್ಟು. 2017ರ ಮೊದಲ ರೈಝನ್ ಕೂತಿದ್ದೂ ಇದರಲ್ಲೇ. ಇದಕ್ಕೆ ಡಿಡಿಆರ್ 4 ಮಾತ್ರ. ರೈಝನ್‌ನಲ್ಲಿ ಡಿಡಿಆರ್ 5 ಬೇಕಾದರೆ 2022ರಲ್ಲಿ ಬಂದ ಎಎಂ 5 ಬೋರ್ಡೇ ಆಗಬೇಕು, ಅದಕ್ಕೆ ಪ್ರೊಸೆಸರೂ ಬೇರೆ.

ಖಾಜಾ ರ‍್ಯಾಮನ್ನು ಸ್ಲಾಟಿನ ಮೇಲೆ ಹಗುರವಾಗಿ ಇಟ್ಟ. ಒಂದು ಕಣ್ಣು ಮುಚ್ಚಿ ನೋಡಿದ. ರ‍್ಯಾಮಿನ ಅಂಚಿನಲ್ಲಿ ಒಂದು ಸಣ್ಣ ಕಚ್ಚು. ಸ್ಲಾಟಿನ ಒಳಗೆ ಒಂದು ಸಣ್ಣ ಗೋಡೆ. ಎರಡೂ ಎದುರುಬದುರಾಗಿ ಇರಲಿಲ್ಲ, ಒಂಚೂರು ಆಚೀಚೆ.

"ಗುಂಡಿ ಒಂದು ಕಡೆ, ಕಾಜಾ ಒಂದು ಕಡೆ" ಅಂದ.

ಕಾಜಾ ಬಗ್ಗೆ ಖಾಜಾನೇ ಹೇಳಿದ ಮೇಲೆ ಅಪೀಲಿಲ್ಲ. ಎರಡು ನಮೂನೆ ರ‍್ಯಾಮಿಗೂ ಪಿನ್ನು 288. ಉದ್ದವೂ ಒಂದೇ. ಕಚ್ಚಿನ ಜಾಗ ಮಾತ್ರ ಬೇರೆ. ಎರ್ರಿಯಂಥವರು ಮೊಣಕೈ ಹಾಕುತ್ತಾರೆ ಅಂತ ಮೊದಲೇ ಯೋಚಿಸಿ ಮಾಡಿದ್ದು. ಪುಣ್ಯಕ್ಕೆ ಬೋರ್ಡು ಸೀಳಿರಲಿಲ್ಲ.

ಬೋರ್ಡಿನ ಬಯಾಸ್ (ಕಂಪ್ಯೂಟರನ್ನು ಮೊದಲು ಎಬ್ಬಿಸೋ ಸಾಫ್ಟ್‌ವೇರ್) ಕೂಡ ಹಳೆಯದು. ಅದನ್ನು ಅಪ್‌ಡೇಟ್ ಮಾಡದಿದ್ದರೆ ಈ ಪ್ರೊಸೆಸರ್ ಹುಟ್ಟಿದ್ದೇ ಆ ಬೋರ್ಡಿಗೆ ಗೊತ್ತಾಗುವುದಿಲ್ಲ. ಅದನ್ನು ರಿಪೇರಿಯವನಿಗೆ ಬಿಟ್ಟೆವು.

"ಇನ್ನೊಂದು ಮಾತು. 5600ರ ಕೊನೆಗೆ ಜಿ ಅಕ್ಷರ ಇಲ್ಲ. ಹಾಗಾಗಿ ಚಿತ್ರ ಬರಲ್ಲ, ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು" ಅಂದೆ. "ಇಂಟೆಲ್‌ನಲ್ಲಿ ಉಲ್ಟಾ. ಕೊನೆಗೆ ಎಫ್ ಇದ್ದರೆ ಚಿತ್ರ ಇಲ್ಲ."

"ಒಬ್ಬರದು ಅಕ್ಷರ ಇದ್ದರೆ ಬರುತ್ತೆ, ಇನ್ನೊಬ್ಬರದು ಅಕ್ಷರ ಇದ್ದರೆ ಹೋಗುತ್ತೆ. ಓದು ಬರದೋರೇ ಸುಖವಾಗಿದ್ದಾರೆ" ಅಂದ ಪಂಪಣ್ಣ.

ಎರ್ರಿ ಉತ್ಸಾಹದಿಂದ ಮೊಬೈಲ್ ತೆಗೆದು ತಾನು ಕಣ್ಣಿಟ್ಟಿದ್ದ ಕಾರ್ಡು ತೋರಿಸಿದ. ಆರ್‌ಟಿಎಕ್ಸ್ 3060, ಮೂರು ಫ್ಯಾನಿನದು, 32 ಸೆಂಟಿಮೀಟರ್ ಉದ್ದ. ಖಾಜಾ ಆಗಲೇ ಟೇಪು ಬಿಚ್ಚಿ ಕ್ಯಾಬಿನೆಟ್ಟಿನೊಳಗೆ ತಲೆ ಹಾಕಿದ್ದ.

"30 ಇದೆ. ಮುಂದಿನ ಫ್ಯಾನಿಗೆ ಎರಡೂವರೆ ಕಳಿ. ಹೊಲಿಗೆಗೆ ಅಂತ ಒಂದಿಷ್ಟು ಬಿಡಬೇಕು. 27ರ ಸೊಂಟಕ್ಕೆ 32ರ ಪ್ಯಾಂಟು ಏರಿಸ್ತೀಯಾ?"

ಏರಿಸಿದರೂ ಕರೆಂಟು ಹಂಚೋ ಎಸ್‌ಎಂಪಿಎಸ್ ತಡೆಯಬೇಕಲ್ಲ. ಆ ಕಾರ್ಡೊಂದೇ 170 ವಾಟ್ ಕುಡಿಯುತ್ತದೆ, 550 ವಾಟಿನದು ಹಾಕಿ ಅನ್ನುತ್ತಾರೆ. ಇವನದು ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದಿದ್ದು. ಮೇಲೆ 450 ಅಂತ ಬರೆದಿತ್ತು. ಎತ್ತಿದರೆ ಮಂಡಕ್ಕಿ ಚೀಲದಷ್ಟು ಹಗುರ. ಇಡೀ ಕಂಪ್ಯೂಟರಿನಲ್ಲಿ ನಾನು ಚೌಕಾಸಿ ಮಾಡದ ವಸ್ತು ಇದೊಂದೇ. ಇದು ಸುಟ್ಟರೆ ಒಂಟಿಯಾಗಿ ಹೋಗುತ್ತದೆ ಅನ್ನೋ ಗ್ಯಾರಂಟಿ ಇಲ್ಲ.

"ಪಕ್ಕದ ಕುಡತಿನಿಯಲ್ಲಿ 1,700 ಮೆಗಾವಾಟಿನ ವಿದ್ಯುತ್ ಸ್ಥಾವರ ಇಟ್ಕೊಂಡು 550 ವಾಟಿಗೆ ಅಳ್ತೀಯಲ್ಲೋ" ಅಂದ ಪಂಪಣ್ಣ.

ಖಾಜಾ ಟೇಪು ಸುತ್ತಿಕೊಳ್ಳುತ್ತಾ ಕೇಳಿದ: "ಎರ್ರಿ, ಇದನ್ನ ಹಾಕ್ಕೊಳ್ಳೋರು ಯಾರು?"

"ಅಂದ್ರೆ?"

"ಏನು ಕೆಲಸಕ್ಕೆ?"

"ಗೊಬ್ಬರದ ಅಂಗಡಿ ಬಿಲ್ಲು ಹೊಡೆಯೋಕೆ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕ್ಯಾಬಿನೆಟ್ಟಿನ ಗಾಜಿನ ಮೇಲೆ ಅದಾಗಲೇ ನಮ್ಮೂರಿನ ಕೆಂಪು ಧೂಳು ಕೂತಿತ್ತು.

ಕೊನೆಗೆ ಆದದ್ದಿಷ್ಟು. ಅಂಗೈಯಗಲದ ಹಳೆ ಕಾರ್ಡು ಬಂತು, ಬೋರ್ಡಿನ ಕಾರ್ಡ್ ಸ್ಲಾಟು ಕೊಡುವ 75 ವಾಟಿನೊಳಗೇ ಅದರ ಸಂಸಾರ. ಡಿಡಿಆರ್ 4 ಬಂತು. ತೂಕದ ಎಸ್‌ಎಂಪಿಎಸ್ ಬಂತು. ಅಷ್ಟು ದೊಡ್ಡ ಲೈಟಿನ ಅರಮನೆಯಲ್ಲಿ ಆ ಕಾರ್ಡು ಮದುವೆ ಮನೆಯಲ್ಲಿ ಕಳೆದುಹೋದ ಮಗುವಿನ ಹಾಗೆ ಕಾಣುತ್ತಿತ್ತು. ಆದರೆ ಬಿಲ್ಲು ಬಂತು.

ಮುಂದಿನ ವಾರ ಮತ್ತೆ ಮಿರ್ಚಿ ಬಂಡಿ. ಎರ್ರಿ ಮತ್ತೆ ಎರಡನೇದನ್ನು ಮುಟ್ಟದೆ ಕೂತಿದ್ದ.

"ಆ ಡಿಡಿಆರ್ 5 ರ‍್ಯಾಮು, ಡಬ್ಬಿ ಒಡೆದಿದೆ ಅಂತ ವಾಪಸ್ ತಗೊಳ್ಳಲಿಲ್ಲ. ಒಳ್ಳೆ ಮಾಲು, ಸುಮ್ನೆ ಬಿದ್ದಿದೆ. ಎಎಂ 5 ಬೋರ್ಡು ಎಷ್ಟಕ್ಕೆ ಬರಬಹುದು?"

ಖಾಜಾ ಏನೂ ಅನ್ನಲಿಲ್ಲ. ಕೈ ಚಾಚಿ ಅವನ ಮಿರ್ಚಿಯನ್ನು ಎತ್ತಿಕೊಂಡು ತಿಂದ.