ಪಾವ್ಲೋವ್ ನಾಯಿ, ಥಾರ್ನ್‌ಡೈಕ್ ಬೆಕ್ಕು... ಇದರಲ್ಲಿ ಮನುಷ್ಯ ಎಲ್ಲಿ?

ಮೂರನೇ_ಸಲ_ಟಿಇಟಿ:
ಟಿಇಟಿ, ಅಂದ್ರೆ ಶಿಕ್ಷಕರ ಅರ್ಹತಾ ಪರೀಕ್ಷೇಲಿ ಶಿಶು ವಿಕಾಸದ 30 ಅಂಕಕ್ಕೆ ಅಂತ ಕಲಿಕಾ ಸಿದ್ಧಾಂತದ ಅಧ್ಯಾಯ ತೆಗೆದರೆ ಬರೀ ಮೃಗಾಲಯ. ಪ್ರಯೋಗ ಮಾಡಿದ ಒಬ್ಬೊಬ್ಬ ವಿಜ್ಞಾನಿಗೂ ಒಂದೊಂದು ಪ್ರಾಣಿ: ಪಾವ್ಲೋವ್‌ಗೆ ನಾಯಿ, ಥಾರ್ನ್‌ಡೈಕ್‌ಗೆ ಬೆಕ್ಕು, ಸ್ಕಿನ್ನರ್‌ಗೆ ಇಲಿ, ಕೊಹ್ಲರ್‌ಗೆ ಚಿಂಪಾಂಜಿ. ನೆನಪಿಡೋಕೆ ಸುಲಭ, ತಕರಾರಿಲ್ಲ. ಆದ್ರೆ ನಾನು ಪಾಠ ಮಾಡಬೇಕಿರೋದು ಮಕ್ಕಳಿಗೆ. ಬೆಕ್ಕು ಚಿಲಕ ತೆಗೆದದ್ದು ನೋಡಿ ಮಕ್ಕಳೂ ಹೀಗೇ ಕಲೀತಾರೆ ಅನ್ನೋ ಧೈರ್ಯ ಇವರಿಗೆ ಎಲ್ಲಿಂದ ಬಂತು?

ಕಾಫಿಪುಡಿ:
ಡಾರ್ವಿನ್‌ನಿಂದ. ಮನುಷ್ಯನ ಬುದ್ಧಿಗೂ ಪ್ರಾಣಿಗಳ ಬುದ್ಧಿಗೂ ಹೆಚ್ಚು-ಕಮ್ಮಿಯ ವ್ಯತ್ಯಾಸ ಅಷ್ಟೇ ಅಂತ 1871ರಲ್ಲಿ ಬರೆದ. ಮೊದಮೊದಲು ಲ್ಯಾಬಲ್ಲಿ ಮನುಷ್ಯರೇ ಇದ್ರು (ಮನಶ್ಶಾಸ್ತ್ರದ ಲ್ಯಾಬ್ ತೆರೆದ ವುಂಟ್, ಜರ್ಮನಿಯ ಲೈಪ್‌ಜಿಗ್, 1879). 1913ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವಾಟ್ಸನ್ ಬಂದು, ಮನಸ್ಸಿನ ಮಾತು ಬಿಡಿ, ಕಣ್ಣಿಗೆ ಕಾಣೋ ವರ್ತನೆ ಮಾತ್ರ ಸಾಕು ಅಂದ. ಆಮೇಲೆ ಇಲಿಗಳದ್ದೇ ಕಾರುಬಾರು.

ನಿವೃತ್ತ_ಮೇಷ್ಟ್ರು:
ಮನುಷ್ಯ ಎಲ್ಲಿ ಅಂತ ಕೇಳಿದ್ರಲ್ಲಮ್ಮ, ಅವನು ಬೋನಿನ ಎದುರಿಗೇ ಕೂತಿದ್ದ. ಪುಸ್ತಕದ ಚಿತ್ರದಲ್ಲಿ ಮಾತ್ರ ಇಲ್ಲ.

ಥಾರ್ನ್‌ಡೈಕ್ 1898ರಲ್ಲಿ ಹಸಿದ ಬೆಕ್ಕನ್ನ ಪೆಟ್ಟಿಗೆಗೆ ಹಾಕಿದ. ಅದು ಪರಚಿ, ಕಚ್ಚಿ, ಹೇಗೋ ಕುಣಿಕೆ ಎಳೆದು ಹೊರಗೆ ಬಂತು. ಕೊಹ್ಲರ್ ಆಕ್ಷೇಪ ಎತ್ತಿದ: ಚಿಲಕಕ್ಕೂ ಬಾಗಿಲಿಗೂ ಇರೋ ಸಂಬಂಧ ಬೆಕ್ಕಿನ ಕಣ್ಣಿಗೇ ಬೀಳದ ಹಾಗೆ ಕಟ್ಟಿದ್ರೆ ಅದು ಪರಚದೆ ಇನ್ನೇನು ಮಾಡೀತು?

ಇನ್ನೊಂದು ಕತೆ ನಿಮ್ಮ ಗೈಡಿನಲ್ಲಿ ಸಿಗೋದಿಲ್ಲ. ಅಮೆರಿಕದ ಗಥ್ರಿ, ಹಾರ್ಟನ್ ಅಂತ ಇಬ್ಬರು ಗಾಜಿನ ಮುಂಭಾಗದ ಪೆಟ್ಟಿಗೆ ಮಾಡಿ ಒಳಗೊಂದು ಕೋಲು ನಿಲ್ಲಿಸಿದ್ರು. ಬೆಕ್ಕು ಕೋಲಿಗೆ ತಗುಲಿದ್ರೆ ಬಾಗಿಲು ತೆರೆಯುತ್ತೆ, ಆ ಕ್ಷಣಕ್ಕೆ ಕ್ಯಾಮೆರಾ ಕ್ಲಿಕ್ಕು. ಸುಮಾರು 800 ಸಲ ನೋಡಿದ್ರು. ಒಂದೊಂದು ಬೆಕ್ಕೂ ಸಾಮಾನ್ಯವಾಗಿ ಅದೇ ರೀತಿ ಪಕ್ಕೆ ಉಜ್ಜುತ್ತೆ! ಕಲಿಕೆ ಅಂದ್ರೆ ಹೀಗೆ ಯಾಂತ್ರಿಕ ಅಂತ 1946ರಲ್ಲಿ ಪುಸ್ತಕ ಬಂತು. 1979ರಲ್ಲಿ ಮೂರ್, ಸ್ಟಟರ್ಡ್ ಅನ್ನೋರು ಅದನ್ನೇ ಮತ್ತೆ ಮಾಡಿದ್ರು. ಎದುರಿಗೆ ಜನ ಕಂಡ್ರೆ, ಬಹುಮಾನವಿಲ್ಲದಿದ್ರೂ ಬೆಕ್ಕು ಕೋಲಿಗೆ ಉಜ್ಜುತ್ತೆ. ಜನ ಕಾಣದಿದ್ರೆ ಉಜ್ಜೋದಿಲ್ಲ. ಅಂದ್ರೆ ಅದು ಪಾಪ, ಬಂದವರನ್ನ ಮಾತಾಡಿಸ್ತಿತ್ತು.

ನಮ್ಮನೇಲೂ ಒಂದಿದೆ. ಬೆಳಿಗ್ಗೆ ಹಾಲಿನ ಪ್ಯಾಕೆಟ್ ಹಿಡಿದು ಬಂದ್ರೆ ಮೊದಲು ಗೇಟಿನ ಕಂಬಕ್ಕೆ ಪಕ್ಕೆ ತೀಡುತ್ತೆ, ಆಮೇಲೆ ನನ್ನ ಪಂಚೆಗೆ. 28 ವರ್ಷ ಈ ಅಧ್ಯಾಯ ಪಾಠ ಮಾಡಿದೆ, ಒಂದು ದಿನವೂ ಎರಡನ್ನೂ ಜೋಡಿಸಿ ನೋಡಲಿಲ್ಲ.

ಮೂರನೇ_ಸಲ_ಟಿಇಟಿ:
ಸರ್, ಹಾಗಾದ್ರೆ ಥಾರ್ನ್‌ಡೈಕ್ ತಪ್ಪಾ? ಪರೀಕ್ಷೇಲಿ ಬಂದ್ರೆ ಏನಂತ ಬರೀಲಿ?

ನಿವೃತ್ತ_ಮೇಷ್ಟ್ರು:
ಅವನ ಪೆಟ್ಟಿಗೆ ಬೇರೆ, ಇವರದ್ದು ಬೇರೆ. ಕೀ ಉತ್ತರ ಪ್ರಯತ್ನ-ಪ್ರಮಾದ ಕಲಿಕೆ (ಮಾಡಿ, ತಪ್ಪಿ, ಮತ್ತೆ ಮಾಡಿ ಕಲಿಯೋದು) ಅಂತಲೇ ಇರುತ್ತೆ. ಬೆಕ್ಕಿನ ಪರ ವಕಾಲತ್ತು ವಹಿಸಬೇಡಿ, ಸುಮ್ನೆ ಒಎಂಆರ್‌ನಲ್ಲಿ ಆ ಉತ್ತರದ ಗುಂಡು ತುಂಬಿ ಬನ್ನಿ.